ದುಂಡೇಶ ಹಿಡಿದ ಮೋಡ

ರೇಡಿಯೋ ವಿದ್ಯೆ ಅರೆಬರೆ ಬಲ್ಲವರು ಇಂಥ ಕತೆ ಹೇಳಲು ಹೊರಡುವುದು ಅಧಿಕಪ್ರಸಂಗವೇ ಸರಿ. ತಿಳಿದವರು ಕ್ಷಮಿಸಬೇಕು. ಮಂಗಸೂಳಿಯ ದುಂಡೇಶನ ಹೊಟ್ಟೆಕಿಚ್ಚಿನ ವಿಷಯದಲ್ಲಿ ಮಾತ್ರ ತಪ್ಪಿರಲಾರದು ಎಂದು ನಂಬಿದ್ದೇನೆ.

ಕಿಚ್ಚು ಹೊತ್ತಿದ್ದು ಪಕ್ಕದ ಮನೆಯ ಮಾಳಿಗೆ ಮೇಲಿನ ಎರಡು ಅಲ್ಯೂಮಿನಿಯಂ ಕಡ್ಡಿಗಳಿಂದ. ದ್ರಾಕ್ಷಿ ಬೆಳೆಯುವ ಅಭಿನಂದನ ಅವನ್ನು ಕತ್ತರಿಯಂತೆ ಅಗಲಿಸಿ ನಿಲ್ಲಿಸಿ, ಬೆರಳುದ್ದದ ಡಾಂಗಲ್ ಮೂಲಕ ಲ್ಯಾಪ್‌ಟಾಪಿಗೆ ಜೋಡಿಸಿದ್ದ. ತಲೆಯ ಮೇಲೆ ಹಾದುಹೋಗುವ ಉಪಗ್ರಹದ ಸದ್ದು ಅದರೊಳಗೆ ಮೋಡದ ಚಿತ್ರವಾಗುತ್ತಿತ್ತು. ರೇಡಿಯೋದ ಕೆಲಸವನ್ನೆಲ್ಲ ಮಾಡುವ ತಂತ್ರಾಂಶ ಪೂರಾ ಪುಕ್ಕಟೆ. ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ತಿದ್ದಲೂಬಹುದು.

ಡಿಶ್ ರಿಪೇರಿ ಅಂಗಡಿಯ ದುಂಡೇಶನಿಗೆ ಊರಿನ ಆಕಾಶವೆಲ್ಲ ತನ್ನದೆಂಬ ಭಾವ. ಈಗ ಜನ ಔಷಧ ಹೊಡೆಯಲೋ ಬೇಡವೋ ಎಂದು ಅಭಿನಂದನನನ್ನು ಕೇಳುತ್ತಿದ್ದರು. ಅಂದು ಬೆಳಿಗ್ಗೆ ಸ್ವಂತ ಹೆಂಡತಿ ಕೋಮಲಳೇ ಗೋಡೆಯಾಚೆ ಕೂಗಿದಳು: "ಅಭಿನಂದನಾ, ಹಪ್ಪಳ ಒಣ ಹಾಕ್ಲೇನಪಾ?"

"ಹಾಕ್ರಿ ವೈನಿ. ಮೋಡ ಇಲ್ಲ."

ದುಂಡೇಶನ ಬಾಯಲ್ಲಿದ್ದ ಚಹಾ ಕಷಾಯವಾಯಿತು. "ಮನ್ಯಾಗ ನಾ ಇದ್ದೀನಿ. ಅವನ್ನ ಯಾಕ ಕೇಳ್ತಿ?"

"ನಿಮ್ಮ ಮಾತ ಕೇಳೇ ಹ್ವಾದ ವಾರ ಗಾದಿ ತೊಯ್ಸೀನಿ."

ದುಂಡೇಶ ಗುಟ್ಟಾಗಿ ತರಿಸಿಟ್ಟಿದ್ದ ಡಾಂಗಲ್ ಆಗಲೇ ಹೊರಬಂತು. ತಂತ್ರಾಂಶ ಇಳಿಯಿತು. ಕಡ್ಡಿಗಾಗಿ, ಕೋಮಲ ಬಟ್ಟೆ ಒಣಹಾಕುವ ಸ್ಟ್ಯಾಂಡು ಎರಡು ಕಾಲು ಕಳೆದುಕೊಂಡಿತು. ಎದುರುಮನೆಯ ಮುರಗೆಪ್ಪ ಕರೆಯದೆಯೇ ಮಾಳಿಗೆ ಹತ್ತಿದ.

"ಲೇ ದುಂಡ್ಯಾ, ಗುಬ್ಬಿ ಹಿಡ್ಯಾಕ ಕುಂತಿಯೇನ?"

ಗುಂಡಿ ಒತ್ತಿದರೆ ಸಾಂಗಲಿ ಕಡೆಯ ಎಫ್‌ಎಂ ಹಾಡು ಬಂತು.

"ನಿನ್ನ ಉಪಗ್ರಹ ಮರಾಠಿ ಹಾಡತೈತಲ್ಲೋ!"

ದುಂಡೇಶ ಬೆವರುತ್ತ ಸಿಕ್ಕ ಸಿಕ್ಕ ಗುಂಡಿ ಒತ್ತಿದ. ಇದ್ದಕ್ಕಿದ್ದಂತೆ ಪರದೆಯ ಮೇಲೆ ಚಾಪೆ ಬಿಚ್ಚಿದಂತೆ ಚಿತ್ರ ಇಳಿಯಿತು. ಅತ್ತ ಕೊಂಕಣದ ಕಡಲು, ಇತ್ತ ಕೃಷ್ಣೆಯ ಮೇಲೆ ಮಲಗಿದ ಎಮ್ಮೆಯಂಥ ಮೋಡ.

"ಸಂಜೀಕ ಮಳಿ!" ಎಂದು ಅವನು ಓಣಿಗೆಲ್ಲ ಕೇಳುವಂತೆ ಒದರಿದ. "ಅಭಿನಂದನನ ಮಷಿನ್ ಕೆಟ್ಟೈತಿ!"

ಆಕಾಶ ತೊಳೆದಿಟ್ಟ ಪರಾತದ ಹಾಗಿತ್ತು. ಆದರೆ ಅದೇ ಓಣಿಯ ಮುದುಕಿ ಕಸ್ತೂರೆವ್ವ ಗಾಬರಿಯಾದಳು. ಅವಳ ಒಣದ್ರಾಕ್ಷಿ ಗೋಡೆಯಿಲ್ಲದ ಶೆಡ್ಡಿನಲ್ಲಿ ಅರ್ಧ ಒಣಗಿತ್ತು. "ವರ್ಷದ ಮಣೂಕೆಲ್ಲಾ ಅದರಾಗೈತೋ ಯಪ್ಪಾ. ಖರೇ ಹೇಳ."

"ಖರೇ ಬೇ! ಸುಳ್ಳಾದ್ರ ನನ್ನ ಅಂಗಡಿ ಬೋರ್ಡ ಇಳಸ್ತೀನಿ."

ಅವಳು ಶೆಡ್ಡಿನ ಸುತ್ತ ತಾಡಪತ್ರಿ ಕಟ್ಟಿಸಿದಳು. ಬಿಸಿಲು ಏರಿತು. ಮುರಗೆಪ್ಪ ಏಣಿಯನ್ನು ತಂದು ಅಂಗಡಿಯ ಬೋರ್ಡಿಗೇ ಒರಗಿಸಿಟ್ಟ. ದುಂಡೇಶ ಮಾಳಿಗೆ ಮೇಲೆ, ಕಡೆಯ ಬಸ್ಸಿಗೆ ಕಾಯುವವನಂತೆ ಪಡುವಣವನ್ನೇ ನೋಡುತ್ತ ನಿಂತ.

ಇಳಿಹೊತ್ತಿಗೆ ಗುಡುಗಿತು. ನೋಡನೋಡುತ್ತಿದ್ದಂತೆ ಮಳೆ ಹುಯ್ಯಿತು. ಕೋಮಲಳ ಹಪ್ಪಳ ಮತ್ತೆ ಹಿಟ್ಟಾಯಿತು. ಅಭಿನಂದನನ ಶೆಡ್ಡಿಗೂ ಎರಚಲು ಹೊಡೆಯಿತು. ಕಸ್ತೂರೆವ್ವನ ಒಂದು ಮಣೂಕವೂ ತೊಯ್ಯಲಿಲ್ಲ. ಮಳೆ ನಿಂತದ್ದೇ ತಡ, ಓಣಿಯೆಲ್ಲ ದುಂಡೇಶನ ಅಂಗಳದಲ್ಲಿ ನೆರೆಯಿತು.

ತೊಯ್ದು ತೊಪ್ಪೆಯಾದ ಅಭಿನಂದನ ಮಾಳಿಗೆ ಹತ್ತಿ ಬಂದ. "ಅಣ್ಣಾ, ನನ್ನ ಚಿತ್ರದಾಗ ಚೂರೂ ಮೋಡ ಇರ್ಲಿಲ್ರಿ. ನಿಮ್ಮದೊಮ್ಮೆ ತೋರಸ್ರಿ."

ಅವನ ಕಣ್ಣಲ್ಲಿ ಅಸೂಯೆ ಕಂಡು ದುಂಡೇಶನಿಗೆ ಹುಗ್ಗಿ ಉಂಡಷ್ಟು ಹಿತವಾಯಿತು. ಲ್ಯಾಪ್‌ಟಾಪ್ ತೆರೆದ. ಅಭಿನಂದನ ಬಹಳ ಹೊತ್ತು ಬಗ್ಗಿ ನೋಡಿದ. ಆಮೇಲೆ ದನಿ ತಗ್ಗಿಸಿದ.

"ಇಲ್ಲಿ ಕರಿ ಪಟ್ಟಿ ಐತಲ್ರಿ, ಇದು ನಮ್ಮವ್ವ ಶೇಂಗಾ ಚಟ್ನಿಗೆ ಮಿಕ್ಸರ್ ಹಚ್ಚಿದಾಗ ಸಿಗ್ನಲ್ ಕೆಟ್ಟು ಬಿದ್ದದ್ದು."

"ಏನಂದಿ?"

"ಹ್ವಾದ ವರ್ಷ ನಾ ಹಿಡದ ಮೋಡ ಇದು. ಹೊಸಬ್ರು ಕಲೀಲಿ ಅಂತ ತಂತ್ರಾಂಶದವ್ರಿಗೆ ಪುಕ್ಕಟೆ ಕಳಿಸಿದ್ದೆ, ಅವ್ರು ಮಾದರಿ ಅಂತ ಅದರಾಗ ಹಾಕ್ಯಾರ. ನೀವು ಅಂಟೆನಾ ಬಿಟ್ಟು ಅದನ್ನ ಒತ್ತೀರಿ."

ಕೆಳಗಿನಿಂದ ಕಸ್ತೂರೆವ್ವ ಕೂಗಿದಳು: "ದುಂಡೇಶಾ, ನಾಳಿಗೆ ಹೆಂಗೋ? ಇನ್ನ ಮ್ಯಾಲ ನೀ ಹೇಳಿದ್ದ ಖರೇ!"

ದುಂಡೇಶ ಮಾಳಿಗೆಯ ಅಂಚಿನಿಂದ ಹಿಂದೆ ಸರಿದ. ಅಭಿನಂದನ ಲ್ಯಾಪ್‌ಟಾಪ್ ಮೆಲ್ಲಗೆ ಮುಚ್ಚಿದ. "ಹೆದರಬ್ಯಾಡ್ರಿ ಅಣ್ಣಾ. ದಿನಾ ಮುಂಜಾನೆ ನಾ ನಿಮ್ಮ ಕಿವ್ಯಾಗ ಹೇಳ್ತೀನಿ, ನೀವು ಒದರ್ರಿ."

ಇವನು ಸಿಟ್ಟಾದರೂ ಆಗಬಾರದಿತ್ತೇ ಎಂದು ದುಂಡೇಶನ ಹೊಟ್ಟೆ ಇನ್ನೂ ಉರಿಯಿತು.

ಹಳೆಯ ಮೋಡ ನೋಡಿ ಹೇಳಿದ ಮಳೆ ಅಂದು ಯಾಕೆ ಬಂತೋ, ನನಗೆ ಗೊತ್ತಿಲ್ಲ. ಅಭಿನಂದನನಿಗೂ ಗೊತ್ತಿಲ್ಲವಂತೆ.