ಪುಷ್ಪಮೇರಿಯವರಿಗೆ ಮಂಜೂರಾದ ಗುಣವಾಚಕ

ಇಂಗ್ಲಿಷಿನಲ್ಲಿ ಕ್ರಿಯಾಪದದ ಮುಂದೆ ಸರ್ವನಾಮವನ್ನೂ ಸರ್ವನಾಮದ ಮುಂದೆ ಗುಣವಾಚಕವನ್ನೂ ಇಡಬೇಕಾದರೆ ಮೈಸೂರಿನಲ್ಲಿ ಸಕ್ಷಮ ಪ್ರಾಧಿಕಾರದ ಪೂರ್ವಾನುಮತಿ ಪಡೆಯತಕ್ಕದ್ದು. ಬೇರೆ ಊರುಗಳಲ್ಲಿ ಜನ ಮನಸ್ಸಿಗೆ ಬಂದ ಹಾಗೆ ಇಟ್ಟುಕೊಳ್ಳುತ್ತಾರಂತೆ. ಅದು ಆಯಾ ಊರಿನವರ ಹಣೆಬರಹ.

ಸದರಿ ಪ್ರಾಧಿಕಾರ ಇರುವುದು ಯಾದವಗಿರಿಯ ಒಂದು ಹಳೇ ಬಂಗಲೆಯಲ್ಲಿ. ಹೆಸರು, ಇಂಗ್ಲಿಷ್ ವಾಕ್ಯ ಸುಧಾರಣಾ ಕೇಂದ್ರ. ಸರ್ಕಾರಿ ನೌಕರರು ಬರೆಯುವ ಇಂಗ್ಲಿಷ್ ಅರ್ಜಿಗಳು ಎಷ್ಟು ಉದ್ದವಾಗಿದ್ದವೆಂದರೆ, ಅರ್ಜಿದಾರನಿಗೆ ಏನು ಬೇಕೆಂಬುದು ಗೊತ್ತಾಗುವ ಪುಟಕ್ಕೆ ಬರುವಷ್ಟರಲ್ಲಿ ಓದುತ್ತಿದ್ದ ಅಧಿಕಾರಿಗೆ ವರ್ಗವಾಗಿಬಿಡುತ್ತಿತ್ತು. ಅವುಗಳನ್ನು ಮೊಟಕು ಮಾಡಲೆಂದೇ ಈ ಕೇಂದ್ರ ಹುಟ್ಟಿತು. ಇಲ್ಲಿ ಪಾಠ ಹೇಳುವವರು ಒಬ್ಬರೇ, ಪುಷ್ಪಮೇರಿ ಮೇಡಂ. ಅವರು ಪಾಠ ಹೇಳುವುದನ್ನು ಮೇಲ್ವಿಚಾರಣೆ ಮಾಡಲು ಹದಿನಾಲ್ಕು ಜನ. ಹದಿನಾಲ್ಕು ಜನರೂ ಕಾಯಂ. ಪುಷ್ಪಮೇರಿ ಮಾತ್ರ ತಾತ್ಕಾಲಿಕ, ಹನ್ನೊಂದು ವರ್ಷದಿಂದ.

ಅವರು ಕಲಿಸುತ್ತಿದ್ದುದು ಒಂದೇ ಒಂದು ಬಗೆಯ ವಾಕ್ಯ. 'ಮೇಕ್ ಮಿ ಹ್ಯಾಪಿ.' 'ಕೀಪ್ ಇಟ್ ಕ್ಲೀನ್.' 'ಲೀವ್ ಅಸ್ ಅಲೋನ್.' ಕೊನೆಯದನ್ನು ಎಲ್ಲ ಇಲಾಖೆಗಳವರೂ ಬಹಳ ಬೇಗ ಕಲಿತರು.

ಜುಲೈ ಮೊದಲ ವಾರ ನಿರ್ದೇಶಕ ವಾಗೀಶರು ಸುತ್ತೋಲೆ ಹೊರಡಿಸಿದರು. ಅವರ ಮುತ್ತಾತ ಅರಮನೆಯಲ್ಲಿ ಇಂಗ್ಲಿಷ್ ಪತ್ರಗಳ ಅಲ್ಪವಿರಾಮ ತಿದ್ದುತ್ತಿದ್ದವರು. ಆ ಗತ್ತು ಮೊಮ್ಮಗನ ಮಗನ ಕನ್ನಡಕದಲ್ಲಿ ಇನ್ನೂ ಉಳಿದಿತ್ತು. "ಇನ್ನು ಮುಂದೆ ಕೇಂದ್ರದ ಸಮಸ್ತ ಅರ್ಜಿಗಳೂ ಮೂರೇ ಪದಗಳಲ್ಲಿರತಕ್ಕದ್ದು: ಕ್ರಿಯಾಪದ ಒಂದು, ಸರ್ವನಾಮ ಒಂದು, ಗುಣವಾಚಕ ಒಂದು. ಕಣ್ಣೀರು, ಕುಟುಂಬದ ವಿವರ ಮತ್ತು 'ತಮ್ಮ ವಿಧೇಯ' ಇವುಗಳನ್ನು ಲಗತ್ತಿಸತಕ್ಕದ್ದಲ್ಲ."

ಇದನ್ನು ಓದಿ ಪುಷ್ಪಮೇರಿಯವರಿಗೆ ಹೋದ ಜೀವ ಬಂದಂತಾಯಿತು. ಆಗಸ್ಟ್ ಹದಿನೆಂಟಕ್ಕೆ ಅವರಿಗೆ ನಲವತ್ತೈದು ತುಂಬುತ್ತಿತ್ತು. ನಲವತ್ತೈದು ತುಂಬಿದವರನ್ನು ಕಾಯಂ ಮಾಡುವಂತಿಲ್ಲ ಎಂದು ನಿಯಮ. ಹನ್ನೊಂದು ವರ್ಷ ಎಂಟೆಂಟು ಪುಟ ಬರೆದು ಕೊಟ್ಟದ್ದೆಲ್ಲ ಗೆದ್ದಲಿನ ಪಾಲಾಗಿತ್ತು. ಈಗ ಮೂರು ಪದ ಸಾಕು. ಕುವೆಂಪುನಗರದ ಮನೆಯಲ್ಲಿ, ಮೇಟಗಳ್ಳಿಯ ಫ್ಯಾಕ್ಟರಿಯಿಂದ ಆಗಷ್ಟೇ ಬಂದಿದ್ದ ಗಂಡ ಪೌಲರಾಜ್‌ಗೆ ಅವರು ಅರ್ಜಿಯನ್ನು ತೋರಿಸಿದರು.

"ಮೇಕ್ ಮಿ ಪರ್ಮನೆಂಟ್," ಪೌಲರಾಜ್ ಎರಡು ಸಲ ಓದಿದ. "ಇಷ್ಟೇನಾ? ಇದನ್ನ ಹನ್ನೊಂದು ವರ್ಷದ ಹಿಂದೇನೇ ಬರ್ದಿದ್ರೆ ಆಗ್ತಿತ್ತಲ್ಲ ಮೇರಿ."

ಮರುದಿನ ಅರ್ಜಿ ಸೂಪರಿಂಟೆಂಡೆಂಟ್ ನಂಜುಂಡಯ್ಯನವರ ಮೇಜಿಗೆ ಹೋಯಿತು. ಆಕ್ಷೇಪಣೆ ಹುಡುಕುವುದರಲ್ಲಿ ನಂಜುಂಡಯ್ಯನವರದು ಎತ್ತಿದ ಕೈ. ಖಾಲಿ ಹಾಳೆ ಕೊಟ್ಟರೂ ಅಂಚಿನ ಅಳತೆ ಕೇಳುವ ಮನುಷ್ಯ.

"ಇದ್ರಲ್ಲಿ ಕರ್ತೃ ಎಲ್ಲಿದ್ಯಮ್ಮ? ಯಾರು ಮಾಡ್ಬೇಕು ಅಂತ ಇಲ್ವಲ್ಲ."

"ಕರ್ತೃ ಅಡಗಿರುತ್ತೆ ಸಾರ್. 'ಯೂ' ಅಂತ. ಈ ವಾಕ್ಯ ಯಾರು ಓದ್ತಾರೋ ಅವ್ರೇ ಕರ್ತೃ."

ನಂಜುಂಡಯ್ಯನವರು ಬಿಸಿ ಬಾಣಲೆ ಮುಟ್ಟಿದವರಂತೆ ಕೈ ಹಿಂದಕ್ಕೆಳೆದುಕೊಂಡರು. "ನಾನು ಓದಿಲ್ಲ ಕಣಮ್ಮ! ಬರೀ ನೋಡ್ದೆ ಅಷ್ಟೆ."

"ಈಗ ತಾನೇ ಓದಿದ್ರಲ್ಲ ಸಾರ್."

"ಕನ್ನಡಕ ಹಾಕ್ಕೊಂಡಿರ್ಲಿಲ್ಲ. ಹೋಗ್ಲಿ, ಈ 'ಮಿ' ಅನ್ನೋದು ಏನು?"

"ಕರ್ಮ ಸಾರ್."

"ಯಾರ ಕರ್ಮ?"

"ನನ್ನ ಕರ್ಮ!" ಎಂದು ಪುಷ್ಪಮೇರಿ ಹಣೆ ಹಣೆ ಚಚ್ಚಿಕೊಂಡರು.

"ನಿಮ್ಮಲ್ಲೂ ಕರ್ಮ ಇದ್ಯೇನಮ್ಮ? ನೀವು ಚರ್ಚಿಗೆ ಹೋಗೋರಲ್ವಾ?"

"ಈ ಆಫೀಸಿಗೆ ಬರೋರ್ಗೆಲ್ಲ ಇದೆ ಸಾರ್."

ನಂಜುಂಡಯ್ಯನವರು ಅಂಚಿನಲ್ಲಿ ಷರಾ ಬರೆದರು: "ಅರ್ಜಿದಾರರು ತಾವು ಕರ್ಮವೆಂಬುದನ್ನು ಮೌಖಿಕವಾಗಿ, ಹಣೆ ಮುಟ್ಟಿ ಒಪ್ಪಿಕೊಂಡಿರುತ್ತಾರೆ. ಕರ್ತೃ ಪತ್ತೆಯಾಗಿಲ್ಲ. ನೋಡಲಾಗಿದೆ, ಓದಿರುವುದಿಲ್ಲ."

ಕಡತ ಹದಿನಾಲ್ಕು ಮೇಜು ಸುತ್ತಿತು. ಹದಿನಾಲ್ಕು ಕಡೆಯೂ "ನೋಡಲಾಗಿದೆ, ಓದಿರುವುದಿಲ್ಲ" ಎಂಬ ಷರಾ ಬಿತ್ತು. ಓದಿದರೆ ತಾನೇ ಕರ್ತೃವಾಗಿಬಿಡುವ ಅಪಾಯವಿರುವ ಕಾಗದವನ್ನು ಯಾವ ಜವಾಬ್ದಾರಿಯುತ ನೌಕರ ತಾನೇ ಓದುತ್ತಾನೆ? ಒಬ್ಬರಂತೂ ಕಣ್ಣು ಮುಚ್ಚಿಕೊಂಡೇ ಸಹಿ ಹಾಕಿ, ಪಕ್ಕದ ಸೀಟಿನವರ ಷರಾದ ಮೇಲೆ ಹಾಕಿಬಿಟ್ಟರು. ಅದನ್ನು ಸರಿಪಡಿಸಲು ನಾಲ್ಕು ದಿನ ಹಿಡಿಯಿತು. ಪುಷ್ಪಮೇರಿ ಕ್ಯಾಲೆಂಡರಿನಲ್ಲಿ ದಿನ ಹೊಡೆದು ಹಾಕುತ್ತ ಉಗುರು ಕಚ್ಚುತ್ತಿದ್ದರು.

ಕೊನೆಗೆ ವಾಗೀಶರು ಓದಿದರು. ಅಲ್ಪವಿರಾಮ ಹುಡುಕುವ ಚಟ ಅವರನ್ನು ಬರೀ ನೋಡಿ ಸುಮ್ಮನಿರಲು ಬಿಡಲಿಲ್ಲ. ಪುಷ್ಪಮೇರಿಯವರನ್ನು ಕರೆಸಿ ಕೂರಿಸಿದರು.

"ವಾಕ್ಯ ಬಹಳ ಚೆನ್ನಾಗಿದೆ ಕಣಮ್ಮ. ನಮ್ಮ ಮುತ್ತಾತ ನೋಡಿದ್ರೆ ಖುಷಿಪಡ್ತಿದ್ರು. ಆದ್ರೆ ಈ 'ಪರ್ಮನೆಂಟ್' ಅನ್ನೋ ಗುಣವಾಚಕ ನಮ್ಮ ಹಂತದ್ದಲ್ಲ. ಆರ್ಥಿಕ ಇಲಾಖೆದು. ನಮಗೆ ಅಧಿಕಾರ ಕೊಟ್ಟಿರೋದು ಐದಕ್ಕೆ ಮಾತ್ರ." ಅವರು ಪಟ್ಟಿ ತೆಗೆದರು. ಹ್ಯಾಪಿ, ಕ್ಲೀನ್, ರೆಡಿ, ಲೇಟ್, ಮತ್ತು ಬೇಸಿಗೆಯಲ್ಲಿ ತೋಟಕ್ಕೆ ಸೀಮಿತವಾಗಿ ವೆಟ್.

"ಅಂದ್ರೆ ಆಗಲ್ವಾ ಸಾರ್?" ಪುಷ್ಪಮೇರಿ ಪಟ್ಟಿಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು.

"ಆಗಲ್ಲ ಅಂತ ಯಾರಂದ್ರು? ಪರ್ಮನೆಂಟನ್ನ ಆರ್ಥಿಕ ಇಲಾಖೆಗೆ ಕಳಿಸ್ತೀನಿ. ಅದು ಬರೋವರ್ಗೂ ಮಧ್ಯಂತರ ಪರಿಹಾರ ಅಂತ ನಿಮ್ಮನ್ನ ಹ್ಯಾಪಿ ಮಾಡಿರ್ತೀನಿ. ಏನಂತೀರಿ?"

ಒಂದು ಆದೇಶವಾದರೂ ಕೈಗೆ ಬಂದರೆ ಕಡತಕ್ಕೆ ಜೀವ ಇರುತ್ತದೆಂದು ಪುಷ್ಪಮೇರಿ ಒಪ್ಪಿದರು. ಆದೇಶ ಹೀಗಿತ್ತು: "ಶ್ರೀಮತಿ ಪುಷ್ಪಮೇರಿ, ತಾತ್ಕಾಲಿಕ ಬೋಧಕರು, ಇವರನ್ನು ತಕ್ಷಣದಿಂದ ಜಾರಿಗೆ ಬರುವಂತೆ ಹಾಗೂ ಮುಂದಿನ ಆದೇಶದವರೆಗೆ ಸಂತೋಷಪಡಿಸಲಾಗಿದೆ. ಸದರಿ ಸಂತೋಷವು ಕಚೇರಿ ವೇಳೆಗೆ ಅನ್ವಯಿಸತಕ್ಕದ್ದು."

ಆದೇಶ ಆದ ಮೇಲೆ ರಿಜಿಸ್ಟರ್ ಬೇಡವೆ? ಸಂತೋಷದ ರಿಜಿಸ್ಟರ್ ಬಂತು. ಬೆಳಿಗ್ಗೆ ಹತ್ತಕ್ಕೊಮ್ಮೆ, ಸಂಜೆ ಐದೂವರೆಗೊಮ್ಮೆ 'ಹ್ಯಾಪಿ' ಎಂಬ ಕಾಲಂನಲ್ಲಿ ಸಹಿ. ಮಧ್ಯೆ ಯಾವಾಗ ಬೇಕಾದರೂ ತಪಾಸಣೆ. ಮೂರನೇ ದಿನವೇ ನೋಟಿಸ್ ಬಂತು: "ತಾವು ಬೆಳಿಗ್ಗೆ 10.40ರಲ್ಲಿ ಸ್ಕೂಟರ್ ಸ್ಟ್ಯಾಂಡಿನ ಬಳಿ ಆದೇಶಕ್ಕೆ ವ್ಯತಿರಿಕ್ತವಾದ ಮುಖದಲ್ಲಿದ್ದುದು ಕಂಡುಬಂದಿದೆ. ಸಮಜಾಯಿಷಿ ನೀಡುವುದು." ಸ್ಕೂಟರ್ ಪಂಚರ್ ಆಗಿತ್ತು, ತಳ್ಳಿಕೊಂಡು ಬಂದಿದ್ದರು. ಅದನ್ನೆಲ್ಲ ಮೂರು ಪದದಲ್ಲಿ ಬರೆಯಲಾಗದೆ ಅವರು "ಕನ್ಸಿಡರ್ ಮಿ ಹ್ಯಾಪಿ" ಎಂದು ಬರೆದುಕೊಟ್ಟರು. "ಪರಿಗಣಿಸಲಾಗಿದೆ" ಎಂದು ನಂಜುಂಡಯ್ಯನವರು ನೋಟಿಸ್ ಮುಕ್ತಾಯಗೊಳಿಸಿದರು.

ಆಗಸ್ಟ್ ಹದಿನೇಳು. ಮಧ್ಯಾಹ್ನದ ಟಪಾಲಿನಲ್ಲಿ ಆರ್ಥಿಕ ಇಲಾಖೆಯ ಪತ್ರ ಬಂತು. 'ಪರ್ಮನೆಂಟ್' ಎಂಬ ಗುಣವಾಚಕವನ್ನು ಒಂದು ಬಾರಿಗೆ ಮಾತ್ರ ಮಂಜೂರು ಮಾಡಿದೆ! ಪುಷ್ಪಮೇರಿ ಶಿಲುಬೆಯ ಗುರುತು ಹಾಕಿಕೊಂಡು, ನಿಜವಾಗಿಯೂ ಖುಷಿಯಿಂದ, ಕಾಲಂಗೆ ಹೊರತಾಗಿ ಖುಷಿಯಿಂದ, ನಂಜುಂಡಯ್ಯನವರ ಮೇಜಿಗೆ ಓಡಿದರು. ನಂಜುಂಡಯ್ಯನವರು ಆಗಲೇ ಕಡತ ಬಿಚ್ಚಿ ಕೂತಿದ್ದರು.

"ಒಂದು ತೊಡಕಿದೆ ಕಣಮ್ಮ. ವಾಕ್ಯಕ್ಕೆ ಒಂದೇ ಗುಣವಾಚಕ ಅಂತ ಸುತ್ತೋಲೆ. 'ಮಿ' ಪಕ್ಕದ ಜಾಗ ಭರ್ತಿಯಾಗೋಗಿದೆ. ಅಲ್ಲಿ 'ಹ್ಯಾಪಿ' ಕೂತಿದೆ."

"ಹ್ಯಾಪಿ ತೆಗ್ದು ಪರ್ಮನೆಂಟ್ ಹಾಕ್ಬುಡಿ ಸಾರ್! ನಾಳೆಗೆ ನಂಗೆ ನಲವತ್ತೈದು ತುಂಬುತ್ತೆ!"

"ಹ್ಯಾಪಿ ತೆಗೀಬೇಕಾದ್ರೆ ನಿಮ್ಮನ್ನ ಮೊದ್ಲು ಅನ್‌ಹ್ಯಾಪಿ ಮಾಡ್ಬೇಕು. ಒಬ್ಬ ಹೆಣ್ಣುಮಗಳನ್ನ ಆಫೀಸಲ್ಲಿ ಅನ್‌ಹ್ಯಾಪಿ ಮಾಡಿ ನಾನು ಸಹಿ ಹಾಕ್ಲಾ? ಕಿರುಕುಳದ ಕೇಸಾಗುತ್ತೆ."

"ನಾನಾಗ್ಲೇ ಅನ್‌ಹ್ಯಾಪಿ ಆಗಿದ್ದೀನಿ ಸಾರ್!"

ನಂಜುಂಡಯ್ಯನವರು ರಿಜಿಸ್ಟರ್ ತಿರುವಿ ಬೆರಳಿಟ್ಟು ತೋರಿಸಿದರು. "ದಾಖಲೆ ಪ್ರಕಾರ ಇಲ್ವಲ್ಲಮ್ಮ. ಇವತ್ತು ಬೆಳಿಗ್ಗೆ ಕೂಡ ನಿಮ್ಮ ಸಹಿ ಇದೆ."

ಮಂಜೂರಾದ ಗುಣವಾಚಕವನ್ನು ಉಪಯೋಗಿಸದೆ ವಾಪಸು ಕಳಿಸಿದರೆ ಮುಂದಿನ ವರ್ಷ ಅರ್ಧ ಗುಣವಾಚಕವೂ ಸಿಗುವುದಿಲ್ಲ. ಆದ್ದರಿಂದ ವಾಗೀಶರು ಇಡೀ ಕೇಂದ್ರದ ಹಿತದೃಷ್ಟಿಯಿಂದ ಒಂದು ಉಪಾಯ ಕಂಡುಹಿಡಿದರು. ಪುಷ್ಪಮೇರಿಯವರಿಗೆ ಅಂಟಿಸಲಾಗದ ಪರ್ಮನೆಂಟನ್ನು ಅವರ ಸಂತೋಷಕ್ಕೆ ಅಂಟಿಸಿದರು. 'ಸಂತುಷ್ಟ ಬೋಧಕರು' ಎಂಬ ಒಂದು ಕಾಯಂ ಹುದ್ದೆ ಸೃಷ್ಟಿಯಾಯಿತು. ಆಗಸ್ಟ್ ಇಪ್ಪತ್ತೇಳಕ್ಕೆ ಪ್ರಕಟಣೆ ಹೊರಬಿತ್ತು: ಅಭ್ಯರ್ಥಿಗೆ ನಲವತ್ತೈದು ತುಂಬಿರಬಾರದು.

ಪುಷ್ಪಮೇರಿಯವರಿಗೆ ನಲವತ್ತೈದು ತುಂಬಿ ಒಂಬತ್ತು ದಿನವಾಗಿತ್ತು. ಅವರು ಸ್ಕೂಟರ್ ಸ್ಟ್ಯಾಂಡಿಗೆ ಹೋಗಿ ಸೀಟಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತರು. ಊಟದ ವಿರಾಮವಾದ್ದರಿಂದ ನೋಟಿಸ್ ಬರಲಿಲ್ಲ.

ಎರಡು ಗಂಟೆಗೆ ವಾಗೀಶರು ಕರೆಸಿದರು. "ಅಳ್ಬೇಡಿ ಕಣಮ್ಮ. ದಾರಿ ಇದೆ. ಕಾಯಂ ಹುದ್ದೆಗೆ ಕಾಯಂ ಜನ ಸಿಗೋವರ್ಗೂ ತಾತ್ಕಾಲಿಕವಾಗಿ ಯಾರನ್ನಾದ್ರೂ ಕೂರಿಸ್ಬೋದು. ಅದಕ್ಕೆ ವಯಸ್ಸಿನ ಮಿತಿ ಇಲ್ಲ, ಅನುಭವ ಇದ್ರೆ ಸಾಕು. ತಾತ್ಕಾಲಿಕವಾಗಿ ಇರೋದ್ರಲ್ಲಿ ಹನ್ನೊಂದು ವರ್ಷದ ಅನುಭವ ಈ ಮೈಸೂರಲ್ಲಿ ನಿಮ್ಮಷ್ಟು ಯಾರಿಗಿದೆ ಹೇಳಿ?"

ಪುಷ್ಪಮೇರಿ ಪೆನ್ನು ಕೇಳಿ ತೆಗೆದುಕೊಂಡರು. ಬೇರೆ ಕೆಲಸ ಹುಡುಕುವ ವಯಸ್ಸೂ ಒಂಬತ್ತು ದಿನದ ಹಿಂದೆಯೇ ಮುಗಿದಿತ್ತು. "ಆಯ್ತು ಬುಡಿ ಸಾರ್," ಎಂದು ಸಹಿ ಹಾಕಿದರು. ಹದಿನಾಲ್ಕು ಜನರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಂಜುಂಡಯ್ಯನವರಂತೂ ಕಣ್ಣೊರೆಸಿಕೊಂಡು, ತಮ್ಮ ಸರ್ವಿಸಿನಲ್ಲಿ ಒಂದು ಅರ್ಜಿ ಇಷ್ಟು ಬೇಗ ವಿಲೇವಾರಿಯಾದದ್ದನ್ನು ಕಂಡೇ ಇಲ್ಲವೆಂದರು.

ಅಂದು ಪೌಲರಾಜ್ ಸುದ್ದಿ ಕೇಳಿ ಪಾಳಿ ಮುಗಿಸಿಕೊಂಡು ನೇರ ಮೇಟಗಳ್ಳಿಯಿಂದ ಯಾದವಗಿರಿಗೇ ಬಂದ. ಹೆಂಡತಿ ಗೇಟಿನ ಹತ್ತಿರ ಬಂದಾಗ ಗಂಟೆ ಐದೂ ಕಾಲು.

"ಅಂತೂ ಪರ್ಮನೆಂಟ್ ಆಯ್ತಾ?"

"ಆಯ್ತು ಕಣ್ರೀ. ಪೋಸ್ಟು ಪರ್ಮನೆಂಟ್."

"ನೀನು?"

"ನಾನು ಟೆಂಪರರಿ."

ಪೌಲರಾಜ್ ಸ್ವಲ್ಪ ಯೋಚಿಸಿದ. "ಹೋಗ್ಲಿ ಬುಡು. ಇಬ್ರಲ್ಲಿ ಒಬ್ರಾದ್ರೂ ಆದ್ರಲ್ಲ." ಆಮೇಲೆ ಹೆಂಡತಿಯ ಮುಖವನ್ನು ಹತ್ತಿರದಿಂದ ನೋಡಿದ. ಕಣ್ಣು ಊದಿಕೊಂಡಿತ್ತು, ಹಲ್ಲು ಕಾಣುತ್ತಿತ್ತು. "ಅದ್ಯಾಕೆ ಮೇರಿ ಹಂಗೆ ನಗ್ತಾ ಇದ್ದೀಯ?"

"ಸುಮ್ನಿರಿ," ಎಂದರು ಪುಷ್ಪಮೇರಿ ತುಟಿ ಅಲ್ಲಾಡಿಸದೆ. "ಇನ್ನೂ ಕಾಲು ಗಂಟೆ ಡ್ಯೂಟಿ ಇದೆ."