ಮುಂದಿನ ಕೋಣೆಯ ಕಂದಾಯ

ಅಜ್ಜಂಪುರದ ಸ್ಟೇಷನ್ ರಸ್ತೆಯಲ್ಲಿ ಮನೆ ಕೊಳ್ಳುವಾಗ ಹೊನ್ನಯ್ಯ ಗೋಡೆ ತಟ್ಟಿ ನೋಡಿದ, ಬಾವಿಯ ನೀರು ಕುಡಿದು ನೋಡಿದ, ಬಲ್ಲವರನ್ನು ಕರೆಸಿ ಬಾಗಿಲು ಯಾವ ದಿಕ್ಕಿಗಿದೆಯೆಂದು ವಿಚಾರಿಸಿದ. ಕಂದಾಯ ಕಟ್ಟಿದ ರಸೀದಿಯೊಂದನ್ನು ಮಾತ್ರ ಕೇಳಲಿಲ್ಲ. ಹೆಂಡತಿ ಉಚ್ಚಂಗಮ್ಮ ನೆನಪಿಸಿದ್ದಳು. ಅಷ್ಟೆಲ್ಲ ಕೇಳಿದರೆ ಮಾರುವವರು ಏನಂದುಕೊಂಡಾರು ಎಂದು ಅವನೇ ಸಂಕೋಚಪಟ್ಟಿದ್ದ.

ಊರು ತಾಲ್ಲೂಕು ಕೇಂದ್ರವಾದ ಮೇಲೆ ಪೇಟೆಯಲ್ಲೇ ಇರೋಣವೆಂದು, ಶಿವನಿಯ ತೆಂಗಿನ ತೋಟವನ್ನು ತಮ್ಮನ ವಶಕ್ಕೆ ಬಿಟ್ಟು ಬಂದವನು ಅವನು. ಸಂಸಾರ ಹೂಡಿ ತಿಂಗಳಾಗುವಷ್ಟರಲ್ಲಿ ಕಂದಾಯದ ನೋಟೀಸು ಬಂತು. ಮನೆಯ ಮುಂದಿನ ಕೋಣೆ ಅಂಗಡಿಯಂತೆ. ಅದಕ್ಕೆ ಅಂಗಡಿಯ ದರವಂತೆ. ಹಳೆಯ ಬಾಕಿಯೂ ಅದರ ಬಾಲಕ್ಕೆ ಅಂಟಿಕೊಂಡಿತ್ತು. ಓದುತ್ತ ಓದುತ್ತ ಹೊನ್ನಯ್ಯನ ಮುಖ ಬಿಸಿಲಿಗಿಟ್ಟ ಹಪ್ಪಳದಂತೆ ಮುರುಟಿಕೊಂಡಿತು.

ಮನೆ ಮಾರಿದ ಮುನಿಯಪ್ಪ ಆ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದವನು. ಈಗ ಕಡೂರಿಗೆ ಹೋಗಿ ನೆಲೆಸಿದ್ದ. ಫೋನು ಮಾಡಿದರೆ ಬಹಳ ವಿನಯದಿಂದಲೇ ಮಾತಾಡಿದ.

"ಮನೆ ನಿಮ್ದಾದ್ಮೇಲೆ ಬಾಕಿನೂ ನಿಮ್ದೇ ಕಣ್ರೀ. ನಾನು ಮಿಷನ್ ಒಂದೇ ತಂದಿರೋದು."

ಕಚೇರಿಯಲ್ಲೂ ಅದನ್ನೇ ಹೇಳಿದರು. ಬಾಕಿ ಕಟ್ಟಲೇಬೇಕು, ಅದು ಮನೆಯ ಜೊತೆಗೇ ಬರುವಂಥದ್ದು. ಆದರೆ ಕೋಣೆಯಲ್ಲಿ ಈಗ ವಾಸವಿದ್ದರೆ ಅರ್ಜಿ ಕೊಡಲಿ, ಸೋಮವಾರ ಬೆಳಿಗ್ಗೆ ಅಧಿಕಾರಿ ಬಂದು ನೋಡಿ ಮುಂದಿನ ವರ್ಷದಿಂದ ದರ ಇಳಿಸುತ್ತಾರೆ ಎಂದರು. ಹೊನ್ನಯ್ಯ ಅಲ್ಲೇ ಅರ್ಜಿ ಬರೆದುಕೊಟ್ಟ.

ಎದುರುಮನೆಯ ಕರಿಯಣ್ಣ ತರೀಕೆರೆಯಲ್ಲಿ ವಕೀಲರೊಬ್ಬರ ಗುಮಾಸ್ತನಾಗಿದ್ದವನು. ಬೀದಿಯಲ್ಲಿ ಯಾರಿಗೆ ಯಾವ ಕಾಗದ ಬಂದರೂ ಅವರಿಗಿಂತ ಮುಂಚೆ ಅವನಿಗೆ ನಿದ್ದೆ ಕೆಡುತ್ತಿತ್ತು. ಅವನು ಬಂದು ಕೋಣೆಯನ್ನೊಮ್ಮೆ ನೋಡಿ ತಲೆಯಾಡಿಸಿದ. ಅಲ್ಲಿ ಒಂದು ಕುರ್ಚಿ, ಒಂದು ಕ್ಯಾಲೆಂಡರು, ಸೂರಿನಲ್ಲೊಂದು ಫ್ಯಾನು ಬಿಟ್ಟರೆ ಬೇರೇನೂ ಇರಲಿಲ್ಲ.

"ಖಾಲಿ ಕೋಣೆ ಕಂಡ್ರೆ ಅಂಗಡಿನೇ ಅಂತ ಬರ್ಕೊಂತಾರೆ. ಜನ ಕೂತಿರ್ಬೇಕು ಕಣಪ್ಪ, ಉಣ್ತಾ ತಿಂತಾ ಇರ್ಬೇಕು. ಆಗ ಅದು ಮನೆ."

ಹೊನ್ನಯ್ಯನಿಗೆ ಅದು ಸರಿಯೆನಿಸಿತು. ಸೋಮವಾರ ಬೆಳಕು ಹರಿಯುತ್ತಲೇ ಕರಿಯಣ್ಣ ಭಜನೆ ಮಂದಿರದ ಬೆಂಚುಗಳನ್ನು ಹೊರಿಸಿಕೊಂಡು ಬಂದ. ಪಕ್ಕದ ಮನೆಯ ಮೀನಾಕ್ಷಮ್ಮ ಒಂದೇ ಅಳತೆಯ ತಟ್ಟೆಗಳ ರಾಶಿಯನ್ನೂ ಕಾಫಿಯ ದೊಡ್ಡ ಡ್ರಮ್ಮನ್ನೂ ಕಳಿಸಿ, ಕಾಫಿ ಕೊಡಲು ತಾನೂ ಬಂದಳು. ಉಚ್ಚಂಗಮ್ಮ ಗೊಣಗುತ್ತಲೇ ಇಡ್ಲಿ ಬೇಯಿಸತೊಡಗಿದಳು. ಬೀದಿಯ ಗಂಡಸರು ಬಂದು ಕೂತರು, ತಿಂದರು, ಎದ್ದರು. ಎದ್ದವರ ಜಾಗ ಖಾಲಿ ಉಳಿಯಬಾರದೆಂದು ಕರಿಯಣ್ಣ ಬಾಗಿಲಲ್ಲಿ ನಿಂತು, ರೈಲಿಗೆ ಹೊರಟವರನ್ನೂ ಬನ್ನಿ ಕೂತ್ಕೊಳ್ಳಿ ಎಂದು ಒಳಕ್ಕೆ ಕರೆದ. ಹೆಗಲ ಮೇಲೆ ಬಟ್ಟೆ ಹಾಕಿಕೊಂಡ ಹೊನ್ನಯ್ಯ ಚಟ್ನಿ ಬಕೆಟ್ಟು ಹಿಡಿದು ಮದುವೆಮನೆಯ ಹೆಣ್ಣಿನಪ್ಪನಂತೆ ಓಡಾಡಿದ.

ಅಷ್ಟರಲ್ಲಿ ಬಿಳಿ ಅಂಗಿಯ, ಚರ್ಮದ ಬ್ಯಾಗಿನ ಭಾರೀ ಆಳೊಬ್ಬ ಹೊಸ್ತಿಲಲ್ಲಿ ನಿಂತು ಬೆವರು ಒರೆಸಿಕೊಂಡ. ಕರಿಯಣ್ಣ ಹೊನ್ನಯ್ಯನ ಪಕ್ಕೆಗೆ ತಿವಿದ. ಕೂಡಲೇ ಒಬ್ಬನನ್ನು ಎಬ್ಬಿಸಿ ಅವನಿಗೆ ಫ್ಯಾನಿನ ಕೆಳಗೆ ಜಾಗ ಮಾಡಿಕೊಟ್ಟರು. ಆತ ಇಡ್ಲಿ ತಿಂದ, ಚಟ್ನಿ ಮತ್ತೆ ಹಾಕಿಸಿಕೊಂಡ, ನಡುನಡುವೆ ಸೂರು ನೋಡಿದ. ಅವನು ಸೂರು ನೋಡಿದಾಗಲೆಲ್ಲ ಹೊನ್ನಯ್ಯನೂ ಸೂರು ನೋಡಿದ.

"ಶುರು ಮಾಡಿ ಎಷ್ಟು ದಿನ ಆಯ್ತು?" ಎಂದ ಆತ.

ಸಂಸಾರ ಹೂಡಿದ್ದನ್ನು ಕೇಳುತ್ತಿದ್ದಾರೆಂದು ತಿಳಿದು ಹೊನ್ನಯ್ಯ ಕೈಮುಗಿದ. "ತಿಂಗ್ಳಾಯ್ತು ಸಾರ್."

"ಚೆನ್ನಾಗಿ ನಡೀತೈತೆ."

"ತಮ್ಮಂಥೋರ ದಯೆ."

ಆತ ಕೈ ತೊಳೆದು ಬಂದು, ಎಷ್ಟಾಯ್ತು ಎಂದು ಜೇಬಿಗೆ ಕೈ ಹಾಕಿದ. ಹೊನ್ನಯ್ಯ ನಾಲಿಗೆ ಕಚ್ಚಿಕೊಂಡು ಬೇಡವೆನ್ನುವಷ್ಟರಲ್ಲಿ ಕರಿಯಣ್ಣ ಅವನ ಕಿವಿಗೆ ಬಾಯಿಟ್ಟ.

"ಬಿಟ್ಟಿ ತಿನ್ಸಿದ್ರೆ ಲಂಚ ಆಗ್ತದೆ ಕಣೋ. ಪರೀಕ್ಷೆ ಮಾಡ್ತಾವ್ರೆ. ತಗೊಂಬಿಡು."

ಹೊನ್ನಯ್ಯ ನಲವತ್ತು ಎಂದ. ಆತ ಐವತ್ತರ ನೋಟು ಕೊಟ್ಟು, ಚಿಲ್ಲರೆ ಇಟ್ಟುಕೊಳ್ಳಿ ಎಂದು ಹೇಳಿ, ಎದುರಿಗೆ ಬಂದ ತರೀಕೆರೆ ಬಸ್ಸಿಗೆ ಕೈ ಅಡ್ಡ ಹಿಡಿದು ಹತ್ತಿ ಹೋದ. ಏನನ್ನೂ ಅಳೆಯಲಿಲ್ಲವಲ್ಲ ಎಂದು ಹೊನ್ನಯ್ಯ ಅಳುಕಿದ. ಅಷ್ಟು ಸಲ ಸೂರು ನೋಡಿದ ಮೇಲೆ ಅಳೆಯುವುದೇನು, ಕೆಲಸ ಆಯಿತು ಬಿಡು ಎಂದು ಕರಿಯಣ್ಣ ಅವನ ಬೆನ್ನು ತಟ್ಟಿದ. ನೋಟೀಸು ಬಂದಂದಿನಿಂದ ಹೊನ್ನಯ್ಯನ ಎದೆಯ ಮೇಲೆ ಕೂತಿದ್ದ ಭಾರ ಇಳಿಯಿತು.

ಮೂಲೆಯ ಬೆಂಚಿನಲ್ಲಿ ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಹುಡುಗಿಯೊಬ್ಬಳು ಕೂತಿದ್ದಳು. ಉಚ್ಚಂಗಮ್ಮ ಅವಳನ್ನು ಮೀನಾಕ್ಷಮ್ಮನ ಕಡೆಯವಳೆಂದುಕೊಂಡು ಇಡ್ಲಿ ಕೊಟ್ಟಿದ್ದಳು. ಮೀನಾಕ್ಷಮ್ಮ ಅವಳನ್ನು ಉಚ್ಚಂಗಮ್ಮನ ಕಡೆಯವಳೆಂದುಕೊಂಡು ಕಾಫಿ ಕೊಟ್ಟಿದ್ದಳು. ಆಕೆ ಲೋಟ ಕೆಳಗಿಟ್ಟು ಎದ್ದು, ತನ್ನದೆಷ್ಟಾಯಿತೆಂದು ಕೇಳಿದಳು.

ಅಧಿಕಾರಿಯ ಹತ್ತಿರ ತೆಗೆದುಕೊಂಡು ಬೇರೆಯವರಿಗೆ ಬಿಟ್ಟಿ ಕೊಟ್ಟರೆ, ಅದು ಆತನ ಕಿವಿಗೆ ಬಿದ್ದರೆ ಇನ್ನೇನು ತೊಡಕೋ ಎಂದು ಹೊನ್ನಯ್ಯನಿಗೆ ಹೊಳೆಯಿತು. ಕೈಯೂ ಆಗಲೇ ಪಳಗಿತ್ತು.

"ಎರಡು ಇಡ್ಲಿ, ಒಂದು ಕಾಫಿ. ಮೂವತ್ತು ಕೊಡ್ರವ್ವ."

ಆಕೆ ಎಣಿಸಿ ಕೊಟ್ಟು, ಬ್ಯಾಗಿನಿಂದ ಅಳತೆಯ ಟೇಪು ತೆಗೆದಳು. ತನ್ನ ಹೆಸರು ನಿಶ್ಚಿತಾ, ಅವರ ಅರ್ಜಿ ನೋಡಲು ಕಂದಾಯದ ಕಚೇರಿಯಿಂದ ಬಂದವಳು ಎಂದಳು. ಹೊನ್ನಯ್ಯ ತಿರುಗಿ ನೋಡಿದ. ಕರಿಯಣ್ಣ ಆಗಲೇ ರಸ್ತೆ ದಾಟಿ ತನ್ನ ಮನೆಯ ಬಾಗಿಲು ಹಾಕಿಕೊಳ್ಳುತ್ತಿದ್ದ.

"ಮುಂದಿನ ಕೋಣೆ ಮಾತ್ರ ನೋಡೋಣ ಅಂತ ಬಂದಿದ್ದೆ," ಎಂದಳು ನಿಶ್ಚಿತಾ. "ಅಡುಗೆಮನೆ ಯಾವ ಕಡೆ ತೋರಿಸಿ. ಅದನ್ನೂ ಅಳೀಬೇಕಾಗುತ್ತೆ."

ಒಳಗಿನಿಂದ ಉಚ್ಚಂಗಮ್ಮ, ಇನ್ನೊಂದು ಒಬ್ಬೆ ಇಡ್ಲಿ ಹಾಕಲೇ ಎಂದು ಕೇಳಿದಳು.