ಕೋಡುಬಳೆ ತೊಟ್ಟ ಅಂಪೈರ್

ನಮ್ಮ ಮನೆಯವರು ರಜೆ ಅಂತ ಕಾರು ಹತ್ತಿದರೆ ಏನಾದರೊಂದು ಅವಾಂತರ ಆಗದೆ ವಾಪಸ್ ಬಂದದ್ದೇ ಇಲ್ಲ. ನಾವೇನೂ ಹುಡುಕಿಕೊಂಡು ಹೋಗುವುದಿಲ್ಲ, ಅದೇ ನಮ್ಮ ವಿಳಾಸ ಕೇಳಿಕೊಂಡು ಬರುತ್ತದೆ.

ಕಳೆದ ಬೇಸಿಗೆಯಲ್ಲಿ ನಾವಿರುವ ಜಾನ್ಸ್ ಕ್ರೀಕ್‌ನಿಂದ ಮಾರಿಸ್‌ವಿಲ್‌ಗೆ ಸ್ನೇಹಿತರ ಮನೆಗೆ ಹೊರಟೆವು. ನಾನು, ಗಂಡ, ಎಂಟು ವರ್ಷದ ಮಗಳು, ಮೈಸೂರಿನಿಂದ ಬಂದಿದ್ದ ಅತ್ತೆ-ಮಾವ. ದೇವಸ್ಥಾನ ನೋಡಿದ್ದಾಯಿತು, ಸ್ನೇಹಿತರ ಮನೆಯ ಬಿಸಿಬೇಳೆಬಾತ್ ತಿಂದದ್ದಾಯಿತು. ಭಾನುವಾರ ಮಧ್ಯಾಹ್ನ ಪಕ್ಕದ ಊರಿನಲ್ಲಿ ಮೈನರ್ ಲೀಗ್ ಬೇಸ್‌ಬಾಲ್ ಮ್ಯಾಚ್. ದೊಡ್ಡ ತಂಡ ಸೇರುವ ಮುಂಚೆ ಹುಡುಗರು ಆಡಿ ಪಳಗುವ ಲೀಗ್ ಅದು. ಮೈದಾನ ಚಿಕ್ಕದು, ಆಟಗಾರರು ಮಾತಾಡಿದರೆ ಕೇಳುವಷ್ಟು ಹತ್ತಿರ ಕೂರಬಹುದು.

ಮಗಳಿಗೆ ಈ ಇಡೀ ಪ್ರವಾಸದಲ್ಲಿ ಇದ್ದದ್ದು ಒಂದೇ ಆಸೆ. ಪ್ರೇಕ್ಷಕರ ಕಡೆ ಹಾರಿ ಬಂದ ಬಾಲನ್ನು ಹಿಡಿದವರು ಮನೆಗೆ ಒಯ್ಯಬಹುದು, ಅಂಥದ್ದೊಂದು ಅವಳಿಗೆ ಬೇಕಿತ್ತು. ಆರು ಗಂಟೆಯ ದಾರಿಯುದ್ದಕ್ಕೂ ಕೈಯಿಂದ ಗ್ಲೋವ್ ತೆಗೆದಿರಲಿಲ್ಲ. ಈ ನಿಯಮವನ್ನು ಮಾವನವರಿಗೂ ಹೇಳಬೇಕೆಂದು ನಮಗಾರಿಗೂ ಹೊಳೆಯಲಿಲ್ಲ.

೧. ಒಡವೆ

ಅತ್ತೆ ಮಂಡಿನೋವೆಂದು ಸ್ನೇಹಿತರ ಮನೆಯಲ್ಲೇ ಉಳಿದರು. ಉಳಿದವರು ಸುಮ್ಮನೆ ಉಳಿಯುತ್ತಾರೆಯೇ? ಬೆಳಿಗ್ಗೆಯೇ ಕೋಡುಬಳೆ ಕರಿದು, ಜಿಪ್‌ಲಾಕ್ ಚೀಲದಲ್ಲಿ ತುಂಬಿ ಮಾವನವರ ಕೈಗೆ ಕೊಟ್ಟಿದ್ದರು.

ಗೇಟಿನ ಸೆಕ್ಯುರಿಟಿಯವನು ಚೀಲವನ್ನು ಎತ್ತಿ ಹಿಡಿದು, ಇದೇನು ಎಂದ. ಹೊರಗಿನ ತಿಂಡಿ ಬಿಡುವುದಿಲ್ಲವೆಂದು ಬೋರ್ಡು ನೋಡಿದ್ದ ನನ್ನ ಗಂಡ ಗಾಬರಿಯಲ್ಲಿ ಹೆಸರನ್ನೇ ಇಂಗ್ಲಿಷಿಗೆ ತಿರುಗಿಸಿಬಿಟ್ಟರು. "ಹಾರ್ನ್ ಬ್ಯಾಂಗಲ್ಸ್."

"ಓ, ಜುವೆಲ್ರಿ! ಹಾಗಾದರೆ ಹಾಕಿಕೊಂಡು ಹೋಗಿ," ಎಂದು ಅವನು ನಕ್ಕ. ಅವನ ಮೂಗಿಗೆ ಇಂಗಿನ ಘಮ ಬಡಿದಿತ್ತು, ಸುಳ್ಳು ಎಂದು ಅವನಿಗೂ ಗೊತ್ತಿತ್ತು.

ಮಾವನವರು ತಮಾಷೆ ಮಾಡುವವರಲ್ಲ. ಗಂಭೀರವಾಗಿ ಹತ್ತು ಬೆರಳಿಗೂ ಒಂದೊಂದು ಕೋಡುಬಳೆ ತೊಟ್ಟರು, ಉಳಿದದ್ದನ್ನು ನಮಗೆ ಹಂಚಿದರು. ಮದುವೆ ಮನೆಯ ಬೀಗರ ಹಾಗೆ ಕೈ ಮುಂದೆ ಮಾಡಿಕೊಂಡು ನಾವು ಸಾಲಾಗಿ ಒಳಗೆ ಹೋದೆವು. ಸೀಟು ಸಿಗುವಷ್ಟರಲ್ಲಿ ನನ್ನ ಗಂಡನ ಒಡವೆಯೆಲ್ಲ ಹೊಟ್ಟೆ ಸೇರಿತ್ತು.

೨. ಯಾರ ಪಾರ್ಟಿ?

ಮಾವನವರು ಬ್ಯಾಂಕಿನಲ್ಲಿದ್ದರೂ, ಭಾನುವಾರಗಳಲ್ಲಿ ಮೈಸೂರಿನ ಕ್ಲಬ್ ಕ್ರಿಕೆಟ್ ಪಂದ್ಯಗಳಿಗೆ ಅಂಪೈರ್ ಆಗಿದ್ದವರು. ಬ್ಯಾಂಕಿನಿಂದ ರಿಟೈರ್ ಆದರು, ಅಂಪೈರಿಂಗ್‌ನಿಂದ ಆಗಲಿಲ್ಲ.

ಬ್ಯಾಟ್ಸ್‌ಮನ್ ಬ್ಯಾಟ್ ಬಿಸಾಡಿ ಓಡಿದ. "ಅನ್ನ ಕೊಡೋ ವಸ್ತು ಅಲ್ವೇನಯ್ಯಾ ಅದು?" ಎಂದು ಸಿಡುಕಿದರು. ಇನ್ನೊಬ್ಬ ಬಾಲನ್ನು ಗೋಡೆಯಾಚೆಗೆ ಅಟ್ಟಿದ. ಮಾವ ಎದ್ದು ಎರಡೂ ಕೈ ಎತ್ತಿ ಸಿಕ್ಸರ್ ಕೊಟ್ಟರು. ಸುತ್ತ ಯಾರೂ ಚಪ್ಪಾಳೆ ತಟ್ಟಲಿಲ್ಲ. ಗೆರೆಯಿಂದ ಹೊರಗೆ ಹೋಯಿತು, ಫೌಲ್ ಎಂದು ಗಂಡ ವಿವರಿಸಿದರು.

"ಅಷ್ಟು ದೂರ ಹೊಡೆದ್ರೂ ಸೊನ್ನೇನಾ? ಪಾಪದ ಆಟ ಕಣೋ!"

ಮಗಳಿಗೆ ಕುತೂಹಲ. "ತಾತ, ನಿಂಗೆ ಅಂಪೈರ್ ಸೈನ್ ಎಲ್ಲಾ ಗೊತ್ತಾ?"

ಮಾವ ಒಂದೊಂದಾಗಿ ತೋರಿಸಿದರು. ಕೊನೆಗೆ ಎರಡು ಕೈಯನ್ನೂ ಎದೆಯ ಮೇಲೆ ಅಡ್ಡ ಹಾಕಿ ಹೆಗಲು ಮುಟ್ಟಿದರು. "ಇದು, ನಾನು ಕೊಟ್ಟ ತೀರ್ಪು ತಪ್ಪು, ವಾಪಸ್ ತಗೊಂಡೆ ಅಂತ. ಇಷ್ಟು ವರ್ಷದಲ್ಲಿ ಇದನ್ನ ಒಂದ್ಸಲಾನೂ ಮಾಡಿಲ್ಲ ಪುಟ್ಟಿ."

ಪಕ್ಕದ ಸೀಟಿನ ಅಜ್ಜಿ ಇದನ್ನೆಲ್ಲ ನೋಡಿ, ನೀವು ಯಾವ ತಂಡದ ಕಡೆ ಎಂದು ಕೇಳಿದರು. ಮಾವನವರು ಬೆನ್ನು ನೇರ ಮಾಡಿ, "ಮೇಡಂ, ಐ ಆಮ್ ಅಂಪೈರ್," ಎಂದರು. ಆಕೆ ಪಾಪ, ಅದಾದ ಮೇಲೆ ಪ್ರತಿ ಬಾಲಿಗೂ ಮೈದಾನ ಬಿಟ್ಟು ಇವರ ಮುಖವನ್ನೇ ನೋಡುತ್ತಿದ್ದರು.

೩. ಹೆಗಲು ಮುಟ್ಟಿದ್ದು

ಒಂಬತ್ತು ಸರದಿಯ ಆಟದಲ್ಲಿ ಏಳು ಮುಗಿದರೂ ನಮ್ಮ ಕಡೆ ಒಂದು ಬಾಲೂ ಬರಲಿಲ್ಲ. ಮಗಳ ಗ್ಲೋವ್ ಕೈ ಇಳಿಯುತ್ತಾ ಬಂತು. ನನಗೂ ಸಂಕಟ, ಮರುದಿನ ಬೆಳಿಗ್ಗೆಯೇ ಹೊರಡಬೇಕಿತ್ತು.

ಎಂಟನೆಯದರಲ್ಲಿ ಟಪ್ ಎಂದಿತು. ಬಾಲು ನೇರ ನಮ್ಮ ತಲೆಯ ಮೇಲೆ. ಮಗಳು ಗ್ಲೋವ್ ಎತ್ತುವಷ್ಟರಲ್ಲಿ ಮಾವನವರು ಎದ್ದು, ಬರಿಗೈಯಲ್ಲಿ ಹಿಡಿದೇಬಿಟ್ಟರು. ಬೆರಳಲ್ಲಿ ಉಳಿದಿದ್ದ ಕೊನೆಯ ಕೋಡುಬಳೆ ಪುಡಿಪುಡಿಯಾಯಿತು. ಇಡೀ ಸ್ಟ್ಯಾಂಡ್ ಎದ್ದು ಹೋ ಎಂದಿತು. ಮಗಳು ಕುಣಿಯುತ್ತಾ ಎರಡೂ ಕೈ ಚಾಚಿದಳು.

ಮಾವನವರು ಬಾಲನ್ನು ಪ್ಯಾಂಟಿಗೆ ಒಮ್ಮೆ ಒರೆಸಿ, ಮೈದಾನದ ಫೀಲ್ಡರ್ ಕೈಗೆ ನೀಟಾಗಿ ಎಸೆದರು.

ಹೋ ಎಂದವರೆಲ್ಲ ಅಯ್ಯೋ ಎಂದರು.

"ತಾತಾ! ವೈ?" ಮಗಳ ಕಣ್ಣು ತುಂಬಿತು.

"ಅವ್ರ ಬಾಲ್ ಕಣಮ್ಮ. ಕೊಡದಿದ್ರೆ ಆಟ ಹೇಗೆ ಆಡ್ತಾರೆ?"

"ಅವ್ರ ಹತ್ರ ತುಂಬಾ ಇದೆ! ದಟ್ ವಾಸ್ ಮೈನ್!"

ನಾನು ಮೆಲ್ಲಗೆ ನಿಯಮ ಹೇಳಿದೆ. ಮಾವನವರ ಮುಖ ಸಣ್ಣದಾಯಿತು. ಅವರು ಹಾಗೆ ತಲೆ ತಗ್ಗಿಸಿದ್ದನ್ನು ನಾನು ನೋಡಿಯೇ ಇರಲಿಲ್ಲ, ನನಗೂ ಅಳು ಬರುವ ಹಾಗಾಯಿತು. ಅವರು ಕೈಗಂಟಿದ್ದ ಕೋಡುಬಳೆಯ ಪುಡಿ ಕೊಡವಿಕೊಂಡರು. ಆಮೇಲೆ ಎದ್ದು ನಿಂತು, ಆ ಫೀಲ್ಡರ್ ಕಡೆ ತಿರುಗಿ, ಎರಡು ಕೈಯನ್ನೂ ಎದೆಯ ಮೇಲೆ ಅಡ್ಡ ಹಾಕಿ ಹೆಗಲು ಮುಟ್ಟಿದರು. ತೀರ್ಪು ವಾಪಸ್!

ಕ್ರಿಕೆಟ್ಟಿನ ಗಂಧವಿಲ್ಲದ ಆ ಹುಡುಗ ಕಣ್ಣರಳಿಸಿದ. ಕ್ಯಾಮೆರಾದವನೂ ನೋಡಿದ. ದೊಡ್ಡ ಪರದೆಯ ಮೇಲೆ ಮಾವನವರು, ಸುತ್ತಲೂ ಕೆಂಪು ಹೃದಯಗಳು. ಜನ ಶಿಳ್ಳೆ ಹೊಡೆದರು. ಸರದಿ ಮುಗಿದ ಮೇಲೆ ಹುಡುಗ ನಾಚುತ್ತಾ ಹತ್ತಿರ ಬಂದು, ತಾನೂ ಎದೆ ಮುಟ್ಟಿಕೊಂಡು, ಬಾಲೊಂದನ್ನು ಮೆಲ್ಲಗೆ ಮೇಲೆಸೆದ. ಈ ಸಲ ಮಾವ ಕೈ ಹಿಂದೆ ಕಟ್ಟಿ ನಿಂತರು. ಬಾಲು ಮಗಳ ಗ್ಲೋವಿಗೇ ಬಿತ್ತು.

"ತಾತ, ಅದು ಹಗ್ ಥರ ಇತ್ತು! ನೀನು ಐ ಲವ್ ಯೂ ಅಂದೆ ಅಂತ ಅವ್ನು ಅಂದ್ಕೊಂಡ!"

ಮಾವನವರು ಬೆವೆತುಹೋದರು. ಕಾರಿನಲ್ಲಿ ಕಿಟಕಿ ಇಳಿಸಿ ಗಾಳಿಗೆ ಮುಖ ಒಡ್ಡಿ ಕೂತರು. ಕೊನೆಗೆ, "ಲೋ, ನಲವತ್ತೆಂಟು ವರ್ಷದಲ್ಲಿ ನಿಮ್ಮಮ್ಮಂಗೇ ಹಾಗೆ ಹೇಳಿಲ್ವಲ್ಲೋ," ಎಂದರು.

"ಈಗ ಹೇಳಿ ಅಪ್ಪ, ಸೈನ್ ಗೊತ್ತಲ್ಲ," ಎಂದರು ನನ್ನ ಗಂಡ.

ಬಾಗಿಲು ತೆರೆದದ್ದು ಅತ್ತೆಯೇ. ಮಾವನವರು ಹೊಸ್ತಿಲಲ್ಲೇ ನಿಂತು, ಗಂಟಲು ಸರಿಮಾಡಿಕೊಂಡು, ಕೈ ಅಡ್ಡ ಹಾಕಿ ಎರಡೂ ಹೆಗಲು ಮುಟ್ಟಿದರು. ಮಗಳು ಗ್ಲೋವಿನಿಂದ ಬಾಯಿ ಮುಚ್ಚಿಕೊಂಡಳು.

ಅತ್ತೆ ಅಡಿಯಿಂದ ಮುಡಿಯವರೆಗೆ ನೋಡಿ ಹೇಳಿದರು: "ಯಾಕ್ರೀ, ಚಳೀನಾ? ಒಳಗ್ ಬನ್ನಿ, ಸ್ವೆಟರ್ ಕೊಡ್ತೀನಿ."